ಈರಿ ಸರೋವರವೂ ಹೊಲದ ರಂಜಕವೂ

ಪೈರಿಗೆ ಅಮೃತವಾದ ರಂಜಕವು ನೀರಿಗೆ ವಿಷಪ್ರಾಯವಾಗುವುದಕ್ಕೆ ಉತ್ತರ ಅಮೆರಿಕೆಯ ಈರಿ ಸರೋವರವೇ ನಿದರ್ಶನವು. 1972ರ ಒಡಂಬಡಿಕೆಯ ತರುವಾಯ ಅಮೆರಿಕಾ ಕೆನಡಾ ದೇಶಗಳು ಪಟ್ಟಣಗಳ ಕೊಳಚೆಯೊಳಗಣ ರಂಜಕವನ್ನು ತಗ್ಗಿಸಲು, ಸರೋವರವು ತಿಳಿಯಾಯಿತು. ಆದರೆ ಹೊಲಗಳನ್ನು ತಡೆದವರಾರು? ನೆಲದ ಮೇಲೆ ಚೆಲ್ಲಿದ ಗೊಬ್ಬರವು ಮಳೆನೀರಿನಲ್ಲಿ ಕರಗಿ, ಮಣ್ಣಿನಡಿಯ ಬಸಿಗಾಲುವೆಗಳಿಂದ ಮೌಮೀ ನದಿಯನ್ನು ಸೇರಿ, ಸರೋವರದ ಪಶ್ಚಿಮಭಾಗದಲ್ಲಿ ಹಸುರು ಪಾಚಿಯನ್ನು ಬೆಳೆಯಿಸಿತು. 2014ರ ಆಗಸ್ಟಿನಲ್ಲಿ ಆ ಪಾಚಿಯ ವಿಷವು ಟೊಲೀಡೋ ನಗರದ ನಲ್ಲಿಗಳಿಗೂ ಬರಲಾಗಿ, ಮಹಾಸರೋವರದ ದಡದಲ್ಲಿದ್ದ ಲಕ್ಷಾಂತರ ಜನರು ಕುಡಿಯುವ ನೀರಿಲ್ಲದೆ ಪರದಾಡಿದರು. ಕಾಯಿಸಿದರೂ ಅಳಿಯದ ವಿಷವದು! 2015ರಲ್ಲಿ ಒಹಾಯೊ ಮೊದಲಾದ ಮೂರು ಪ್ರಾಂತಗಳು ರಂಜಕವನ್ನು 2025ರೊಳಗೆ ಶೇಕಡಾ 40ರಷ್ಟು ಇಳಿಸಲು ಒಪ್ಪಿದುವು, ಅದು ಕೈಗೂಡಲಿಲ್ಲ. ಉಪಾಯವೇನೋ ಸುಲಭವು: ಮಣ್ಣನ್ನು ಪರೀಕ್ಷಿಸಿ, ಬೇಕಾದಷ್ಟೇ ಗೊಬ್ಬರವನ್ನು, ಮಳೆಯ ಮುನ್ನಾದಿನ ಚೆಲ್ಲದೆ, ಬೇರಿನ ಬಳಿ ನೆಲದೊಳಗೆ ಇಡುವುದು. ಕಠಿನವಾದುದು ಬೇರೆ. ದಶಕಗಳಿಂದ ಮಣ್ಣಿನಲ್ಲಿ ಕೂಡಿಬಂದ ರಂಜಕವು, ಗೊಬ್ಬರವನ್ನು ನಿಲ್ಲಿಸಿದ ಮೇಲೆಯೂ ಹಲವು ವರ್ಷ ನೀರಿಗಿಳಿಯುತ್ತಲೇ ಇರುವುದು.