ಎಂಜಿನಿನ ದಾಹಕ್ಕೆ ಯಾವ ನೀರು?

(ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯ ವಾಹನ, ನೀರು ಮತ್ತು ಕೂಲೆಂಟ್ ಕುರಿತ ಉಪನ್ಯಾಸದ ಪಠ್ಯ)

ಏಪ್ರಿಲ್ ತಿಂಗಳ ನಡುಹಗಲಿನಲ್ಲಿ ಕುಷ್ಟಗಿಯಿಂದ ಇಳಕಲ್ಲಿನ ಕಡೆಗೋ ಯಲಬುರ್ಗಾದಿಂದ ಕೊಪ್ಪಳದ ಕಡೆಗೋ ಪಯಣಿಸಿದವರಿಗೆ ಒಂದು ನೋಟ ಹೊಸದಲ್ಲ. ರಸ್ತೆಯ ಬದಿಯಲ್ಲಿ ನಿಂತ ವಾಹನ, ಮೇಲೆತ್ತಿದ ಬಾನೆಟ್ಟು, ಏಳುತ್ತಿರುವ ಹಬೆ, ಕೊಡ ಹಿಡಿದು ಹತ್ತಿರದ ಹೊಲದ ಕೊಳವೆಬಾವಿಯತ್ತ ನಡೆದ ಚಾಲಕ. ಆ ಒಂದು ಕೊಡ ನೀರು ವಾಹನವನ್ನು ಅಂದು ಮನೆ ಮುಟ್ಟಿಸುತ್ತದೆ ನಿಜ. ಆದರೆ ಅದೇ ರೂಢಿಯಾದರೆ ಮುಂದಿನ ಬೇಸಿಗೆಯಲ್ಲಿ ಅದೇ ವಾಹನವನ್ನು ದಾರಿಯಲ್ಲಿ ನಿಲ್ಲಿಸುವುದೂ ಆ ನೀರೇ. ಇದು ಹೇಗೆ ಎಂಬುದನ್ನು ಅರಿತರೆ ಯಾವ ಕೂಲೆಂಟ್ ಆರಿಸಬೇಕೆಂಬ ಪ್ರಶ್ನೆಗೆ ಅರ್ಧ ಉತ್ತರ ದೊರೆತಂತೆ.

ಎಂಜಿನಿನಲ್ಲಿ ಉರಿಯುವ ಇಂಧನದ ಶಾಖದಲ್ಲಿ ಒಂದು ಪಾಲು ಮಾತ್ರ ಚಕ್ರವನ್ನು ತಿರುಗಿಸುತ್ತದೆ. ಇನ್ನೊಂದು ಪಾಲು ಹೊಗೆಯೊಡನೆ ಹೊರಹೋಗುತ್ತದೆ. ಉಳಿದುದನ್ನು ಕೂಲೆಂಟ್ ಹೊತ್ತು ರೇಡಿಯೇಟರಿಗೆ ತಂದು ಗಾಳಿಗೆ ಬಿಡುತ್ತದೆ. ಹೀಗೆ ಬಿಡುವ ಶಾಖದ ಪ್ರಮಾಣವು ಕೂಲೆಂಟ್ ಮತ್ತು ಹೊರಗಿನ ಗಾಳಿಯ ಉಷ್ಣತೆಗಳ ಅಂತರವನ್ನು ಅವಲಂಬಿಸಿದೆ. ಕೂಲೆಂಟ್ 90 ಡಿಗ್ರಿ ಇದ್ದು, ಮಲೆನಾಡಿನ ಗಾಳಿ 25 ಡಿಗ್ರಿ ಇದ್ದರೆ ಅಂತರ 65. ಕೊಪ್ಪಳದ ಬೇಸಿಗೆಯ ಗಾಳಿ 40 ಡಿಗ್ರಿ ಇದ್ದರೆ ಅಂತರ 50 ಮಾತ್ರ. ಅಂದರೆ ಅದೇ ರೇಡಿಯೇಟರು ಇಲ್ಲಿ ಹೆಚ್ಚುಕಡಿಮೆ ಕಾಲುಭಾಗದಷ್ಟು ಕಡಿಮೆ ಶಾಖವನ್ನು ಬಿಡುತ್ತದೆ. ಘಟ್ಟವೇರುವ ವಾಹನಕ್ಕೆ ಭಾರ ಶತ್ರುವಾದರೆ, ಬಯಲಿನ ವಾಹನಕ್ಕೆ ಬಿಸಿಲು ಶತ್ರು. ಎರಡೂ ಕಡೆ ರೇಡಿಯೇಟರಿನ ಒಳಗೋಡೆ ಶುಚಿಯಾಗಿರಲೇಬೇಕು.

ಆ ಶುಚಿಯನ್ನು ಕೆಡಿಸುವುದು ಗಡಸು ನೀರು. ಗ್ರಾನೈಟ್ ಮತ್ತು ನೈಸ್ ಶಿಲೆಗಳ ಬಿರುಕುಗಳಲ್ಲಿ ಬಹುಕಾಲ ನಿಂತ ನೀರು ಕ್ಯಾಲ್ಸಿಯಂ, ಮೆಗ್ನೀಸಿಯಂ ಮೊದಲಾದ ಲವಣಗಳನ್ನು ಕರಗಿಸಿಕೊಂಡು ಮೇಲೆ ಬರುತ್ತದೆ. ಕಾಯಿಸಿದಾಗ ಅದರಲ್ಲಿನ ಬೈಕಾರ್ಬೊನೇಟುಗಳು ಒಡೆದು ಸುಣ್ಣದ ಪದರವಾಗಿ ಲೋಹಕ್ಕೆ ಅಂಟುತ್ತವೆ. ಸ್ನಾನದ ಹಂಡೆಯ ಒಳಮೈಯಲ್ಲಿ ಕಟ್ಟುವ ಬಿಳಿ ಪದರವೂ ಇದೇ. ಶಾಖವನ್ನು ಸಾಗಿಸುವುದರಲ್ಲಿ ಈ ಸುಣ್ಣವು ಎರಕದ ಕಬ್ಬಿಣಕ್ಕಿಂತ ಇಪ್ಪತ್ತು ಪಟ್ಟಿನಷ್ಟು ಹಿಂದೆ. ತೆಳುವಾದ ಪದರವೇ ಎಂಜಿನಿಗೆ ಕಂಬಳಿ ಹೊದಿಸಿದಂತೆ.

ಒಂದು ಲೆಕ್ಕ ನೋಡಬಹುದು. ಲೀಟರಿಗೆ 300 ಮಿಲಿಗ್ರಾಂ ಗಡಸುತನದ ನೀರನ್ನು ಆರು ಲೀಟರು ತುಂಬಿದರೆ ಒಳಸೇರುವ ಲವಣ ಎರಡು ಗ್ರಾಮಿಗೂ ಕಡಿಮೆ. ಅಷ್ಟರಿಂದ ಕೆಡುಕಿಲ್ಲ. ಆದರೆ ದಿನವೂ ಒಂದು ಲೀಟರು ಹಬೆಯಾಗಿ ಹೋಗಿ, ಅದರ ಬದಲಿಗೆ ಅದೇ ನೀರನ್ನು ಸುರಿದರೆ ಹೋಗುವುದು ನೀರು ಮಾತ್ರ. ಲವಣ ಒಳಗೇ ಉಳಿಯುತ್ತದೆ. ಮುನ್ನೂರು ದಿನಗಳಲ್ಲಿ 90 ಗ್ರಾಂ. ಸೂಜಿಗೂಡಿನಂತಹ ರೇಡಿಯೇಟರಿನ ಕೊಳವೆಗಳಿಗೆ ಅದು ಕಡಿಮೆಯಲ್ಲ. ಗಂಗಾವತಿಯ ಕಾಲುವೆ ನೀರು ಕೊಳವೆಬಾವಿಯ ನೀರಿನಷ್ಟು ಗಡಸಾಗಿಲ್ಲದಿದ್ದರೂ ಹೂಳನ್ನು ತರುತ್ತದೆ. ಹೂಳು ನಿಂತಲ್ಲಿ ಕೊಳವೆ ಮುಚ್ಚುತ್ತದೆ.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ನಿವಾರಿಸಬೇಕು. ಕುಷ್ಟಗಿ, ಯಲಬುರ್ಗಾಗಳ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚಿರುವುದು ಎಲ್ಲರಿಗೂ ತಿಳಿದಿದೆ. ಹಂಡೆಯಲ್ಲಿ ಸುಣ್ಣ ಕಟ್ಟದ ನೀರು ಕುಡಿಯಲು ಸುರಕ್ಷಿತವೆಂದು ಕೆಲವರು ಭಾವಿಸುತ್ತಾರೆ. ವಾಸ್ತವದಲ್ಲಿ ಕ್ಯಾಲ್ಸಿಯಂ ಹೆಚ್ಚಿರುವ ನೀರಿನಲ್ಲಿ ಫ್ಲೋರೈಡ್ ಅದರೊಡನೆ ಕೂಡಿ ತಳಕ್ಕಿಳಿಯುತ್ತದೆ. ಕ್ಯಾಲ್ಸಿಯಂ ಕಡಿಮೆಯಿರುವ ನೀರಿನಲ್ಲೇ ಫ್ಲೋರೈಡ್ ಹೆಚ್ಚಾಗಿ ಉಳಿಯಬಹುದು. ಕುದಿಸಿದರೂ ಅದು ಹೋಗದು. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡನ್ನು ಸ್ವೀಕಾರಾರ್ಹವೆಂದೂ, ಬೇರೆ ಮೂಲವಿಲ್ಲದಾಗ 1.5 ಮಿಲಿಗ್ರಾಂ ಮೀರಬಾರದೆಂದೂ ಭಾರತೀಯ ಮಾನಕ ಹೇಳುತ್ತದೆ. ರೇಡಿಯೇಟರಿನ ಸುಣ್ಣ ನೀರಿನ ಗಡಸುತನವನ್ನು ತಿಳಿಸುತ್ತದೆ. ಮೂಳೆಯ ಆರೋಗ್ಯವನ್ನು ತಿಳಿಸಲಾರದು. ಅದಕ್ಕೆ ಪ್ರಯೋಗಾಲಯದ ಪರೀಕ್ಷೆಯೇ ಬೇಕು.

ಇನ್ನು ಕೂಲೆಂಟಿನ ಮಾತು. ಹೆಚ್ಚಿನ ಕೂಲೆಂಟುಗಳ ಮೂಲದ್ರವ್ಯ ಎಥಿಲೀನ್ ಗ್ಲೈಕಾಲ್. ಶೀತದೇಶಗಳಲ್ಲಿ ನೀರು ಹೆಪ್ಪುಗಟ್ಟಿ ಎಂಜಿನನ್ನು ಸೀಳದಿರಲೆಂದು ಅದನ್ನು ಬೆರೆಸುವ ರೂಢಿ ಬಂತು. ಸಮಪಾಲಿನ ಮಿಶ್ರಣ ಸೊನ್ನೆಗಿಂತ 37 ಡಿಗ್ರಿ ಕೆಳಗಿನವರೆಗೂ ಹೆಪ್ಪುಗಟ್ಟದು. ಕೊಪ್ಪಳದಲ್ಲಿ ಹಿಮದ ಭಯವೆಲ್ಲಿ? ಹಾಗಾದರೆ ಅದು ಇಲ್ಲಿ ಏಕೆ ಬೇಕು? ಎರಡು ಕಾರಣಗಳಿವೆ. ಆ ಮಿಶ್ರಣ ಬಯಲಿನಲ್ಲಿ ಸುಮಾರು 107 ಡಿಗ್ರಿಗೆ ಕುದಿಯುತ್ತದೆ; ಒತ್ತಡ ಹಿಡಿಯುವ ಮುಚ್ಚಳದ ಕೆಳಗೆ ಇನ್ನೂ ಹೆಚ್ಚಿನ ಉಷ್ಣತೆಯವರೆಗೆ ತಾಳುತ್ತದೆ. ಎರಡನೆಯದು ಮತ್ತು ಮುಖ್ಯವಾದುದು, ಅದರಲ್ಲಿ ಬೆರೆಸಿರುವ ತುಕ್ಕುನಿರೋಧಕಗಳು. ಅವಿಲ್ಲದ ಬರಿಯ ನೀರು, ಎಷ್ಟೇ ಶುದ್ಧವಾಗಿರಲಿ, ಕಬ್ಬಿಣವನ್ನೂ ಅಲ್ಯೂಮಿನಿಯಮನ್ನೂ ತಿನ್ನುತ್ತದೆ.

ಹಾಗೆಂದು ಗ್ಲೈಕಾಲ್ ಹೆಚ್ಚಿದಷ್ಟೂ ಒಳ್ಳೆಯದಲ್ಲ. ಶಾಖ ಹೊರುವ ಶಕ್ತಿಯಲ್ಲಿ ನೀರೇ ಮೇಲು. ನೀರು ಬೆರೆಸದೆ ಗಟ್ಟಿ ಕೂಲೆಂಟನ್ನೇ ತುಂಬಿದವನ ಎಂಜಿನು ತಣಿಯುವ ಬದಲು ಹೆಚ್ಚು ಕಾಯುತ್ತದೆ. ಡಬ್ಬಿ ಹೇಳಿದ ಪ್ರಮಾಣವನ್ನೇ ಪಾಲಿಸಬೇಕು.

ಆರಿಸುವಾಗ ಮೊದಲು ನೋಡಬೇಕಾದುದು ವಾಹನದ ಕೈಪಿಡಿ. ಬಣ್ಣವನ್ನು ನಂಬಬಾರದು, ಹಸಿರು, ಕೆಂಪು, ನೀಲಿ ಎಂಬುದು ತಯಾರಕರು ಹಾಕಿದ ಬಣ್ಣವೇ ಹೊರತು ಗುಣದ ಗುರುತಲ್ಲ. ಹಳೆಯ ಬಗೆಯ ಅಜೈವಿಕ ಲವಣಗಳ ಕೂಲೆಂಟು ಸಾಮಾನ್ಯವಾಗಿ ಎರಡು ವರ್ಷ ಬಾಳುತ್ತದೆ. ಸಾವಯವ ಆಮ್ಲಗಳ ಬಗೆಯದು ಐದು ವರ್ಷದವರೆಗೆ. ಎರಡನ್ನೂ ಬೆರೆಸಿದರೆ ಆಯುಷ್ಯ ಕುಗ್ಗುತ್ತದೆ, ಕೆಲವೊಮ್ಮೆ ಗಸಿಯೂ ಕಟ್ಟುತ್ತದೆ. ಡಬ್ಬಿಯ ಮೇಲೆ ಭಾರತೀಯ ಮಾನಕ ಐಎಸ್ 5759 ಅಥವಾ ತಯಾರಕರು ಸೂಚಿಸಿದ ಮಾನಕ ಇದೆಯೇ ಎಂದು ಓದಬೇಕು. ಟ್ರ್ಯಾಕ್ಟರು, ಲಾರಿಗಳ ಭಾರಿ ಡೀಸೆಲ್ ಎಂಜಿನುಗಳಿಗೆ ಬೇರೆ ಅಗತ್ಯವಿದೆ. ಅವುಗಳಲ್ಲಿ ಅನೇಕಕ್ಕೆ ಸಿಲಿಂಡರಿನ ಲೈನರು ನೇರವಾಗಿ ಕೂಲೆಂಟಿನಲ್ಲಿ ಮುಳುಗಿರುತ್ತದೆ. ಅದರ ಅದುರಿಗೆ ಏಳುವ ಸಣ್ಣ ಗುಳ್ಳೆಗಳು ಒಡೆದು ಲೋಹವನ್ನು ಕೊರೆಯುತ್ತವೆ. ಇದನ್ನು ತಡೆಯುವ ದ್ರವ್ಯವುಳ್ಳ ಕೂಲೆಂಟೇ ಅವಕ್ಕೆ ಯೋಗ್ಯ. ಕಾರಿನ ಕೂಲೆಂಟನ್ನು ಲಾರಿಗೆ ಸುರಿಯುವುದು ಉಳಿತಾಯವಲ್ಲ.

ಗಟ್ಟಿ ಕೂಲೆಂಟಿಗೆ ಬೆರೆಸಲು ಬ್ಯಾಟರಿ ಅಂಗಡಿಯಲ್ಲಿ ದೊರೆಯುವ ಲವಣರಹಿತ ನೀರು ಸಾಕು. ಹಳೆಯದನ್ನು ತೊಳೆದ ಮೇಲೂ ಎಂಜಿನಿನ ಒಳಗೆ ಸ್ವಲ್ಪ ನೀರು ಉಳಿದಿರುತ್ತದೆಂಬುದನ್ನು ಲೆಕ್ಕಕ್ಕೆ ಹಿಡಿಯಬೇಕು. ಮಟ್ಟ ಪದೇಪದೇ ಇಳಿಯುತ್ತಿದ್ದರೆ ತುಂಬುತ್ತಾ ಹೋಗದೆ ಸೋರುವ ಜಾಗವನ್ನು ಹುಡುಕಬೇಕು. ಕಾದ ಎಂಜಿನಿನ ಮುಚ್ಚಳವನ್ನು ತೆರೆಯಬಾರದು. ಒತ್ತಡದಲ್ಲಿದ್ದ ದ್ರವ ಕ್ಷಣದಲ್ಲಿ ಕುದಿದು ಮುಖಕ್ಕೆ ಚಿಮ್ಮುತ್ತದೆ. ಕಾದ ಎಂಜಿನಿಗೆ ತಣ್ಣೀರನ್ನು ಸುರಿದರೆ ಲೋಹ ಬಿರುಕು ಬಿಡಬಹುದು. ಅದು ತಾನಾಗಿ ಆರುವವರೆಗೆ ಕಾಯುವುದೇ ಜಾಣತನ.

ಮಾನ್ಯರೇ, ಈವರೆಗಿನ ಮಾತು ಎಂಜಿನಿನ ಜೀವದ್ದು. ಇನ್ನು ಮುಂದಿನದು ಮಕ್ಕಳ ಮತ್ತು ದನಕರುಗಳ ಜೀವದ್ದು. ಎಥಿಲೀನ್ ಗ್ಲೈಕಾಲ್ ಸಿಹಿಯಾಗಿದೆ. ಆ ಸಿಹಿಯೇ ಅದರ ಮೋಸ. ದೇಹದೊಳಗೆ ಅದು ಆಕ್ಸಾಲಿಕ್ ಆಮ್ಲವಾಗಿ ಮಾರ್ಪಟ್ಟು, ಕ್ಯಾಲ್ಸಿಯಮ್ಮಿನೊಡನೆ ಹರಳುಗಟ್ಟಿ ಮೂತ್ರಪಿಂಡಗಳನ್ನು ಕೆಡಿಸುತ್ತದೆ. ಬೆಳೆದ ಮನುಷ್ಯನಿಗೇ ಸುಮಾರು ನೂರು ಮಿಲಿಲೀಟರು ಮಾರಕವಾಗಬಲ್ಲದು. ಮಗುವಿಗೆ ಕೆಲವು ಗುಟುಕು ಸಾಕು. ಮೊದಲು ಕುಡಿದವರಂತೆ ತೂರಾಟ, ವಾಂತಿ. ನಡುವೆ ಚೇತರಿಸಿದಂತೆ ತೋರುವುದೂ ಉಂಟು. ಒಂದೆರಡು ದಿನಗಳಲ್ಲಿ ಮೂತ್ರ ನಿಲ್ಲುತ್ತದೆ. ಲಕ್ಷಣಕ್ಕಾಗಿ ಕಾಯದೆ 108ಕ್ಕೆ ಕರೆಮಾಡಿ, ಡಬ್ಬಿಯನ್ನೂ ಜೊತೆಗೊಯ್ದು ಆಸ್ಪತ್ರೆ ಸೇರಿಸಬೇಕು. ಬೇಗ ತಲುಪಿದರೆ ಪ್ರತ್ಯೌಷಧವಿದೆ. 2022ರಲ್ಲಿ ಗಾಂಬಿಯಾ ದೇಶದ ಹತ್ತಾರು ಮಕ್ಕಳ ಸಾವಿನ ಹಿನ್ನೆಲೆಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಕೆ ನೀಡಿದ ಕೆಮ್ಮಿನ ಸಿರಪ್ಪುಗಳಲ್ಲಿ ಕಂಡುಬಂದ ಕಲ್ಮಶಗಳಲ್ಲಿ ಇದೂ ಒಂದು. ಅಮೆರಿಕದ ಹಲವು ರಾಜ್ಯಗಳು ಕೂಲೆಂಟಿಗೆ ಕಹಿ ಬೆರೆಸಬೇಕೆಂದು ಕಾನೂನು ಮಾಡಿರುವುದು ಇದಕ್ಕಾಗಿಯೇ. ತಂಪುಪಾನೀಯದ ಬಾಟಲಿಯಲ್ಲಿ ಕೂಲೆಂಟನ್ನು ತುಂಬಿಡುವ ಅಭ್ಯಾಸ ಇಂದೇ ನಿಲ್ಲಬೇಕು.

ಹಳೆಯ ಕೂಲೆಂಟನ್ನು ಏನು ಮಾಡುವುದು? ಗ್ಯಾರೇಜಿನ ಮುಂದೆ ಸುರಿದ ಸಿಹಿನೀರನ್ನು ನಾಯಿ ನೆಕ್ಕುತ್ತದೆ, ಆಕಳು ಕುಡಿಯುತ್ತದೆ. ಗ್ಲೈಕಾಲನ್ನು ಮಣ್ಣಿನ ಸೂಕ್ಷ್ಮಜೀವಿಗಳು ಕಾಲಕ್ರಮದಲ್ಲಿ ಜೀರ್ಣಿಸುತ್ತವೆ; ಆದರೆ ಹಳ್ಳಕ್ಕೆ ಸೇರಿದರೆ ಆ ಕಾರ್ಯದಲ್ಲಿ ನೀರಿನ ಆಮ್ಲಜನಕವೇ ತೀರಿ ಮೀನು ಸಾಯುತ್ತದೆ. ಹಳೆಯ ರೇಡಿಯೇಟರಿನ ಬೆಸುಗೆಯಿಂದ ಬಂದ ಸೀಸವನ್ನು ಯಾವ ಜೀವಿಯೂ ಜೀರ್ಣಿಸದು. ಆದ್ದರಿಂದ ಅದನ್ನು ಮುಚ್ಚಳವಿರುವ ಕ್ಯಾನಿನಲ್ಲಿ ಹಿಡಿದು, ಹೆಸರು ಬರೆದು, ಹಳೆಯ ಎಣ್ಣೆಯೊಡನೆ ಬೆರೆಸದೆ, ತ್ಯಾಜ್ಯವನ್ನು ಸಂಗ್ರಹಿಸುವ ದೊಡ್ಡ ಸರ್ವೀಸ್ ಕೇಂದ್ರಕ್ಕೆ ಒಪ್ಪಿಸಬೇಕು. ಒಂದು ಊರಿನ ಗ್ಯಾರೇಜುಗಳು ಕೂಡಿ ಒಂದು ಪೀಪಾಯಿ ಇಟ್ಟುಕೊಂಡರೆ ಈ ಕೆಲಸ ಕಠಿಣವಲ್ಲ.

2019ರಲ್ಲಿ ಕೊಪ್ಪಳದ ಗವಿಮಠದ ಸ್ವಾಮೀಜಿಯವರ ನೇತೃತ್ವದಲ್ಲಿ ಜನ ಹಿರೇಹಳ್ಳಕ್ಕಿಳಿದು ಹೂಳೆತ್ತಿದರು. ಗಿಡಗಂಟಿಗಳಲ್ಲಿ ಮುಚ್ಚಿಹೋಗಿದ್ದ ಹಳ್ಳ ಮತ್ತೆ ಕಣ್ಣಿಗೆ ಬಿತ್ತು. ಅಷ್ಟು ಬೆವರು ಸುರಿಸಿ ಉಳಿಸಿಕೊಂಡ ಹಳ್ಳಕ್ಕೆ ಒಂದು ಕ್ಯಾನು ವಿಷ ಸುರಿಯಲು ಒಂದು ನಿಮಿಷ ಸಾಕು. ಮಲೆನಾಡಿನ ತೊರೆಯಾಗಲಿ, ಬಯಲುಸೀಮೆಯ ಹಳ್ಳವಾಗಲಿ, ಇಳಿಜಾರಿನಲ್ಲಿ ಸುರಿದುದು ಕೆಳಗಿನವರ ಕೊಡವನ್ನು ಸೇರುತ್ತದೆ. ಎಂಜಿನಿಗೆ ತಕ್ಕ ಕೂಲೆಂಟನ್ನು ಆರಿಸಿ ಹಾಕಿದವನ ಕೆಲಸ ಅರ್ಧ ಮುಗಿದಂತೆ. ಅದನ್ನು ಹೊರತೆಗೆದ ದಿನ ಎಲ್ಲಿಗೆ ಸೇರಿಸಿದನೆಂಬುದರಲ್ಲಿ ಉಳಿದರ್ಧವಿದೆ.