ತಾಯಿ ಹೊಲಿದ ಅಂಗಿಯ ಚರಿತ್ರೆ

ತಮಗೂ ತಮ್ಮ ಎಳೆಮಕ್ಕಳಿಗೂ ಬೇಕಾದ ಬಟ್ಟೆಯನ್ನು ತಾಯಂದಿರು ಮನೆಯಲ್ಲೇ ಹೊಲಿದುಕೊಂಡು ಬಂದ ಚರಿತ್ರೆಯನ್ನು ನಾವು ಸಾಮಾನ್ಯವಾಗಿ ಬಡತನದ ಕಥೆಯಾಗಿ ಹೇಳುತ್ತೇವೆ. ಕೊಳ್ಳಲು ಕಾಸಿರಲಿಲ್ಲ, ಹೊಲಿದರು. ಕಾಸು ಬಂತು, ಸೂಜಿ ಕೆಳಗಿಟ್ಟರು ಎಂಬ ಧಾಟಿ. ಆ ಬಟ್ಟೆಗಳನ್ನೇ ಬಿಡಿಸಿ ನೋಡಿದರೆ ಈ ಮಾತು ಸಾಲದು ಎನಿಸುತ್ತದೆ. ಮನೆಮಂದಿಯಲ್ಲಿ ತಿಂಗಳು ತಿಂಗಳಿಗೂ ಅಳತೆ ಬದಲಾಗುವುದು ಇಬ್ಬರಿಗೆ: ಬಸುರಿಯಾಗಿ ಬಾಣಂತಿಯಾಗುವ ತಾಯಿಗೆ, ಆಕೆಯ ಕೂಸಿಗೆ. ಬದಲಾಗುತ್ತಲೇ ಇರುವ ಮೈಗೆ ಒಗ್ಗುವಂತೆ ಬಟ್ಟೆ ಕತ್ತರಿಸುವುದು ದೊಡ್ಡ ವಿದ್ಯೆ. ಅದನ್ನು ಬೆಳೆಸಿದವರು ತಾಯಂದಿರು ಎಂಬುದು ನನ್ನ ವಾದ.

ಉತ್ತರ ಕರ್ನಾಟಕದ ಕುಂಚಿಗೆಯನ್ನೇ ತೆಗೆದುಕೊಳ್ಳಿ. ಉದ್ದನೆಯ ಬಟ್ಟೆಯನ್ನು ಎರಡಾಗಿ ಮಡಿಸಿ, ಮೇಲ್ಭಾಗವನ್ನು ಹಿಂದಿನಿಂದ ಕೂಡಿಸಿದರೆ ತಲೆ ಮುಚ್ಚುವ ಟೊಪ್ಪಿಗೆಯಾಯಿತು. ಉಳಿದದ್ದು ಬೆನ್ನ ಮೇಲೆ ಇಳಿಬೀಳುತ್ತದೆ. ಕತ್ತಿಗೆ, ತೋಳಿಗೆ, ಎದೆಗೆ ಇಷ್ಟೇ ಎಂಬ ಅಳತೆಯಿಲ್ಲ. ಅದಕ್ಕೇ ತೊಟ್ಟಿಲಿಗೆ ಹಾಕಿದ ದಿನ ತೊಡಿಸಿದ ಕುಂಚಿಗೆ ಕೂಸು ಅಂಬೆಗಾಲಿಡುವಾಗಲೂ ಆಗುತ್ತದೆ. ಎಳೆಗೂಸಿನ ಅಂಗಿಯಾದ ಜಬಲಾ ಬೆನ್ನ ಕಡೆ ತೆರೆದಿರುತ್ತದೆ, ಗುಂಡಿಯ ಜಾಗದಲ್ಲಿ ಲಾಡಿ. ಕತ್ತು ನಿಲ್ಲದ ಕೂಸಿನ ತಲೆಯ ಮೇಲಿಂದ ಬಟ್ಟೆ ಎಳೆಯುವಂತಿಲ್ಲ. ಮೈ ತುಂಬಿಕೊಂಡಂತೆ ಲಾಡಿ ಸಡಿಲಿಸಿದರಾಯಿತು. ಮೊದಲ ಬಟ್ಟೆಯನ್ನು ಹಳೆಯ ಸೀರೆ, ಪಂಚೆಯಿಂದ ಹೊಲಿಯುವ ರೂಢಿಗೂ ಇಂಥದೇ ಕಾರಣವಿದೆ. ಹೊಸ ಹತ್ತಿಬಟ್ಟೆಯಲ್ಲಿ ಗಂಜಿಯಿರುತ್ತದೆ, ನೂರಾರು ಸಲ ಒಗೆದದ್ದು ಮೆತ್ತಗಾಗಿ ನೀರನ್ನು ಬೇಗ ಹೀರುತ್ತದೆ. ಅನುಕೂಲವಂತರ ಮನೆಗಳಲ್ಲೂ ಈ ರೂಢಿ ಇತ್ತು. ಇನ್ನು ತಾಯಿಯ ಉಡುಪು. ಗುಳೇದಗುಡ್ಡದ ಖಣದಲ್ಲಿ ಹೊಲಿದ ಕುಪ್ಪಸವನ್ನು ಎದೆಯ ಕೆಳಗೆ ಗಂಟು ಹಾಕುತ್ತಾರೆ. ಹುಕ್ಕು ಒಂದೇ ಅಳತೆಗೆ ಬಿಗಿಯುತ್ತದೆ, ಗಂಟು ಹಾಗಲ್ಲ. ಬಾಣಂತನದ ಮೈಗೂ ಹೊಂದುತ್ತದೆ, ಕೂಸಿಗೆ ಹಾಲೂಡಿಸಲು ಒಂದೇ ಕೈಯಲ್ಲಿ ಬಿಚ್ಚಲೂ ಬರುತ್ತದೆ. ಕಂಕುಳಲ್ಲಿ ಕೂಡಿಸಿದ ಪುಟ್ಟ ಚೌಕದ ತುಂಡಿನಿಂದ ತೋಳೆತ್ತಿದರೂ ಹೊಲಿಗೆ ಹರಿಯುವುದಿಲ್ಲ. ಹುಡುಗಿಯರ ಲಂಗದ ಅಂಚಿನ ಮೇಲೆ ಎರಡು ಮೂರು ಅಡ್ಡ ಮಡಿಕೆ ಹಿಡಿದು ಹೊಲಿಯುತ್ತಿದ್ದುದು ಹಲವರಿಗೆ ನೆನಪಿರಬಹುದು. ಹುಡುಗಿ ಬೆಳೆದಂತೆ ಒಂದೊಂದೇ ಮಡಿಕೆ ಬಿಚ್ಚುತ್ತ ಹೋದರೆ ಲಂಗವೂ ಬೆಳೆಯುತ್ತಿತ್ತು.

ಸೂಜಿಗೆ ನಮ್ಮಲ್ಲಿ ಗೌರವವಿರಲಿಲ್ಲ ಎನ್ನುವಂತಿಲ್ಲ. ಹನ್ನೆರಡನೆಯ ಶತಮಾನದ ವಚನಕಾರರಲ್ಲಿ ಸೂಜಿಕಾಯಕದ ರಾಮಿತಂದೆ ಎಂಬ ಶರಣನಿದ್ದ. ಆದರೆ ಮನೆಯೊಳಗೆ ಆಡಿದ ಸೂಜಿಗೆ ಕಾಯಕದ ಹೆಸರು ಸಿಗಲಿಲ್ಲ. ಯಂತ್ರ ಬಂದ ಮೇಲೂ ಹೀಗೇ ಆಯಿತು. 1846ರಲ್ಲಿ ಎಲಿಯಾಸ್ ಹೋವ್, 1851ರಲ್ಲಿ ಐಸಾಕ್ ಸಿಂಗರ್ ಅಮೆರಿಕದಲ್ಲಿ ಹೊಲಿಗೆ ಯಂತ್ರಕ್ಕೆ ಪೇಟೆಂಟ್ ಪಡೆದರು. ಅಲ್ಲಿ ಕಂತಿನ ಮಾರಾಟದಿಂದ ಯಂತ್ರ ಮನೆ ಸೇರಿತು. ನಮ್ಮಲ್ಲಿ ಮೊದಲು ಸೇರಿದ್ದು ಪೇಟೆಯ ದರ್ಜಿಗಳ ಜಗಲಿಗೆ. ಆ ಕಾಲದ್ದೇ ಇನ್ನೊಂದು ಸಂಗತಿ ನನ್ನ ವಾದಕ್ಕೆ ಯಂತ್ರಕ್ಕಿಂತ ಹತ್ತಿರದ್ದು. ಅಮೆರಿಕದಲ್ಲಿ ಆಗ ಮನೆಯಲ್ಲಿ ಹೊಲಿಯುವವರಿಗೆ ಸಿಗುತ್ತಿದ್ದ ನಕ್ಷೆಗಳು ಬಹುತೇಕ ಒಂದೇ ಅಳತೆಯವು. ತಮ್ಮ ಮಗುವಿಗೆ ತಕ್ಕಂತೆ ಹಿಗ್ಗಿಸುವುದು, ಕುಗ್ಗಿಸುವುದು ಅವರದೇ ಲೆಕ್ಕ. 1863ರಲ್ಲಿ ಮ್ಯಾಸಚುಸೆಟ್ಸ್‌ನ ಎಬನೀಜರ್ ಬಟ್ರಿಕ್ ಎಂಬ ದರ್ಜಿ ಬೇರೆ ಬೇರೆ ಅಳತೆಗಳ ಕಾಗದದ ನಕ್ಷೆಗಳನ್ನು ಮಾರಲು ತೊಡಗಿದ. ಮೊದಮೊದಲ ನಕ್ಷೆಗಳಲ್ಲಿ ಹುಡುಗರ ಉಡುಪುಗಳೂ ಇದ್ದವು. ತಾಯಂದಿರು ಮನಸ್ಸಿನಲ್ಲೇ ಮಾಡುತ್ತಿದ್ದ ಲೆಕ್ಕ ಅಲ್ಲಿ ಅಚ್ಚಾಗಿ ಸರಕಾಯಿತು.

ಯಂತ್ರಗಳನ್ನು ಟೀಕಿಸುತ್ತಿದ್ದ ಗಾಂಧೀಜಿ 1924ರಲ್ಲಿ ಹೊಲಿಗೆ ಯಂತ್ರಕ್ಕೆ ವಿನಾಯಿತಿ ಕೊಟ್ಟರು. ಹೆಂಡತಿಯ ಶ್ರಮ ನೋಡಲಾರದೆ ಸಿಂಗರ್ ಅದನ್ನು ಮಾಡಿದ, ಅದರ ಹಿಂದೆ ಪ್ರೀತಿಯಿದೆ ಎಂದು ಅವರು ಕಾರಣ ಕೊಟ್ಟರು. ಸಿಂಗರ್ ಲಾಭಕ್ಕಾಗಿ ದುಡಿದ ಉದ್ಯಮಿ ಎಂಬುದನ್ನು ನಾನು ಒಪ್ಪುತ್ತೇನೆ, ಆದರೂ ಗಾಂಧೀಜಿ ಹಿಡಿದ ಎಳೆ ಸರಿಯಾದದ್ದು ಎನ್ನುತ್ತೇನೆ: ಎಲ್ಲಿ ಕತ್ತರಿಸಬೇಕು, ಎಷ್ಟು ಬಿಡಬೇಕು ಎಂಬ ತೀರ್ಮಾನವನ್ನು ಈ ಯಂತ್ರ ಕೈಯಿಂದ ಕಸಿಯಲಿಲ್ಲ. 1930ರ ದಶಕದಲ್ಲಿ ಕಲ್ಕತ್ತದ ಜಯ್ ಇಂಜಿನಿಯರಿಂಗ್ ಕಾರ್ಖಾನೆ ಉಷಾ ಯಂತ್ರಗಳನ್ನು ತಯಾರಿಸಿದ ಮೇಲೆ, ಅದರಲ್ಲೂ ಸ್ವಾತಂತ್ರ್ಯಾನಂತರ, ನಮ್ಮ ಮಧ್ಯಮವರ್ಗದ ಮನೆಗಳಿಗೂ ಯಂತ್ರ ಬಂತು. ಮಹಿಳಾ ಸಮಾಜಗಳ ಹೊಲಿಗೆ ತರಗತಿಗಳು ಬಂದವು. ಕಲಿಯಲು ಬಂದವರ ಕೈಗೆ ಮೊದಲು ಕೊಡುತ್ತಿದ್ದುದು ಹೆಚ್ಚಾಗಿ ಜಬಲಾ.

ಅಭಾವ ಇಲ್ಲದಿದ್ದರೆ ಯಾರು ಹೊಲಿಯುತ್ತಿದ್ದರು ಎಂದು ಕೇಳಬಹುದು. ಅಭಾವವಿತ್ತು, ನಿಜ. ಎರಡನೆಯ ಮಹಾಯುದ್ಧದಲ್ಲಿ ಬ್ರಿಟನ್ 1941ರ ಜೂನ್‌ನಿಂದ ಬಟ್ಟೆಗೆ ಪಡಿತರ ತಂದಿತು. ನಮ್ಮಲ್ಲಿ 1943ರಲ್ಲಿ ಹತ್ತಿಬಟ್ಟೆ ಮತ್ತು ನೂಲಿನ ನಿಯಂತ್ರಣ ಆಜ್ಞೆ ಬಂತು. ಆದರೆ ಬ್ರಿಟನ್ನಿನ ಆ ಪಡಿತರದಲ್ಲೂ ಬಸುರಿಯರಿಗೆ ಹೆಚ್ಚುವರಿ ಕೂಪನ್ ಕೊಡಬೇಕಾಯಿತು. ಎಲ್ಲರಿಗೂ ಒಂದೇ ಲೆಕ್ಕ ಎಂದ ಸರ್ಕಾರವೇ ತಾಯಿ-ಮಗುವಿನ ಲೆಕ್ಕ ಬೇರೆಯೆಂದು ಒಪ್ಪಿದಂತಾಯಿತು. ಅಮೆರಿಕದ ಆರ್ಥಿಕ ಕುಸಿತದ ದಿನಗಳಲ್ಲಿ ರೈತಾಪಿ ತಾಯಂದಿರು ಹಿಟ್ಟಿನ, ಕೋಳಿ ಮೇವಿನ ಹತ್ತಿ ಚೀಲಗಳಿಂದ ಮಕ್ಕಳ ಫ್ರಾಕು ಹೊಲಿದರು. ಇದು ಗೊತ್ತಾದ ಗಿರಣಿಗಳು ಚೀಲದ ಮೇಲೆ ಹೂವಿನ ಚಿತ್ತಾರ ಅಚ್ಚುಹಾಕಿ, ಕಂಪನಿಯ ಹೆಸರನ್ನು ತೊಳೆದರೆ ಹೋಗುವ ಬಣ್ಣದಲ್ಲಿ ಮುದ್ರಿಸಿದವು. ಕೈಯಲ್ಲಿ ಕಾಸಿಲ್ಲದಾಗಲೂ ಆ ಹೆಂಗಸರು ಚಿತ್ತಾರ ನೋಡಿ ಆರಿಸುತ್ತಿದ್ದರು, ಆ ಆಯ್ಕೆಗೆ ಗಿರಣಿಗಳೇ ತಲೆಬಾಗಿದವು. ಇದನ್ನು ಬರಿಯ ಬಡತನ ಎಂದು ಕರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ. ಅಡುಗೆ, ಬಾಣಂತನ, ಕೂಸಿನ ಆರೈಕೆಗಳ ಮೇಲೆ ಹೊಲಿಗೆಯ ಹೊರೆಯನ್ನೂ ಹೊರಿಸಿ ಅದನ್ನು ಮಮತೆ ಎಂದು ಹಾಡಿ ಹೊಗಳುವುದು ಅನ್ಯಾಯವಲ್ಲವೇ? ಅನ್ಯಾಯವೇ. ಗಣಿತ, ವಿಜ್ಞಾನದ ಬಾಗಿಲು ಮುಚ್ಚಿ ಹೊಲಿಗೆಯನ್ನಷ್ಟೇ ಕಲಿಸಿದ ಹೆಣ್ಣುಮಕ್ಕಳ ಶಾಲೆಗಳ ಚರಿತ್ರೆಯನ್ನೂ ಮರೆಯಲಾಗದು. ಆದರೆ ಹೊರೆಯನ್ನು ಖಂಡಿಸುವ ಭರದಲ್ಲಿ ವಿದ್ಯೆಯನ್ನೇ ಕೀಳು ಮಾಡಿದರೆ ಅದರ ಪೆಟ್ಟು ಬೀಳುವುದೂ ಹೆಂಗಸರಿಗೇ. ಬೆಂಗಳೂರಿನ ಪೀಣ್ಯ, ಬೊಮ್ಮನಹಳ್ಳಿ, ಮೈಸೂರು ರಸ್ತೆಯ ಗಾರ್ಮೆಂಟ್ಸ್‌ಗಳಲ್ಲಿ ದುಡಿಯುವವರು ಬಹುಪಾಲು ಹೆಂಗಸರು. ಒಬ್ಬರು ದಿನವಿಡೀ ಕಾಲರು ಕೂಡಿಸುತ್ತಾರೆ, ಇನ್ನೊಬ್ಬರು ತೋಳು; ಇಡೀ ಅಂಗಿ ಯಾರ ಕೈಯದೂ ಅಲ್ಲ. ಹೊಲಿಗೆ ಹೆಂಗಸರಿಗೆ ತಾನಾಗಿ ಬರುವ ಕೆಲಸ, ಅದರಲ್ಲೇನು ಪರಿಣತಿ ಎಂಬ ಹಳೆಯ ಉಪೇಕ್ಷೆ ಅವರ ಕೂಲಿಯಲ್ಲಿ ಇಂದಿಗೂ ಕಾಣುತ್ತದೆ. ಐವತ್ತಕ್ಕಿಂತ ಹೆಚ್ಚು ಹೆಂಗಸರಿರುವ ಕಾರ್ಖಾನೆಯಲ್ಲಿ ಆರು ವರ್ಷದೊಳಗಿನ ಮಕ್ಕಳಿಗೆ ಶಿಶುವಿಹಾರ ಇರಬೇಕೆಂದು 1948ರ ಕಾರ್ಖಾನೆ ಕಾಯ್ದೆ ಹೇಳಿತು. ಹೊಲಿಯುವವಳು ತಾಯಿಯೂ ಹೌದೆಂಬುದನ್ನು ಕಾನೂನು ಕಂಡಿತು. ಅಂಥ ಶಿಶುವಿಹಾರ ಪ್ರತಿ ಗಾರ್ಮೆಂಟ್ಸ್‌ನಲ್ಲೂ ನಿಜವಾಗಿ ಇರಬೇಕೆಂಬುದು ನನ್ನ ಒತ್ತಾಯ.

ರೆಡಿಮೇಡ್ ಇಷ್ಟು ಅಗ್ಗವಾಗಿರುವಾಗ ಈ ಮಾತೆಲ್ಲ ಏಕೆ ಎಂಬ ಪ್ರಶ್ನೆಗೆ ಅಂಗಿಯ ಒಳಮೈ ತಿರುಗಿಸಿ ನೋಡುವುದೇ ಉತ್ತರ. ಕಾರ್ಖಾನೆಯ ಓವರ್‌ಲಾಕ್ ಯಂತ್ರ ಅಂಚನ್ನು ಹೊಲಿಯುವಾಗಲೇ ಹೆಚ್ಚಿನ ಬಟ್ಟೆಯನ್ನು ಕತ್ತರಿಸಿಬಿಡುತ್ತದೆ. ಉಳಿಯುವುದು ಕಾಲಿಂಚಿನಷ್ಟು, ಬಿಚ್ಚಿ ಅಗಲ ಮಾಡಲು ಜಾಗವೇ ಇಲ್ಲ. ಮಗು ಬೆಳೆದರೆ ಅಂಗಿ ಮೂಲೆ ಸೇರುತ್ತದೆ, ಹೊಸದು ಬರುತ್ತದೆ. ಹಾಲೂಡಿಸುವ ತಾಯಂದಿರಿಗೆಂದೇ ಮರೆಯಲ್ಲಿ ಜಿಪ್ ಇಟ್ಟ ಕುರ್ತಾ, ನೈಟಿಗಳು ಈಗ ಹೆಚ್ಚು ಬೆಲೆಗೆ ಮಾರಾಟವಾಗುತ್ತಿವೆ. ಗಂಟಿನ ಕುಪ್ಪಸ ಮಾಡುತ್ತಿದ್ದ ಕೆಲಸವನ್ನೇ ಅವೂ ಮಾಡುತ್ತವೆ. ಎಲ್ಲ ತಾಯಂದಿರೂ ಯಂತ್ರದ ಮುಂದೆ ಕೂರಬೇಕೆಂದು ನಾನು ಹೇಳುತ್ತಿಲ್ಲ, ಬಿಡುವಿಲ್ಲದವರು ಕೊಳ್ಳಲಿ. ಅಂಗಿಗೂ ಬೆಳೆಯಲು ಜಾಗ ಬೇಕೆಂಬ ತಿಳಿವಳಿಕೆ ಮಾತ್ರ ಇನ್ನೂ ಹೋಗಿಲ್ಲ. ಶಾಲೆ ಶುರುವಾಗುವ ಹೊತ್ತಿಗೆ ಸಮವಸ್ತ್ರ ಹೊಲಿಸಲು ಹೋದವರು ಇಂದಿಗೂ ದರ್ಜಿಗೆ ಹೇಳುತ್ತಾರೆ: ‘ಬೆಳೆಯೋ ಮಗು, ಒಳಗೆ ಸ್ವಲ್ಪ ಬಟ್ಟೆ ಬಿಟ್ಟು ಹೊಲೀರಿ.’