ಸುಣ್ಣದ ಗಾರೆಯೂ ಕಟ್ಟಡದ ಆಯುಷ್ಯವೂ
(ಪ್ರತಿಷ್ಠಾ ಮಹೋತ್ಸವದ ಸಭೆಯಲ್ಲಿ ಮಾಡಿದ ಉಪನ್ಯಾಸ)



ಜಿನಬಿಂಬ ಪ್ರತಿಷ್ಠೆಯ ಈ ಶುಭಸಂದರ್ಭದಲ್ಲಿ ಬಿಂಬಕ್ಕೆ ಆಶ್ರಯವಾದ ಕಟ್ಟಡವನ್ನು ಕುರಿತು ಚಿಂತಿಸುವುದೂ ಉಚಿತವೇ. ಪ್ರತಿಷ್ಠೆಯು ಕೆಲವೇ ದಿನಗಳ ಕಾರ್ಯ. ಬಸದಿಯ ರಕ್ಷಣೆ ತಲೆಮಾರುಗಳ ಹೊಣೆ. ನೂತನ ನಿರ್ಮಾಣದಂತೆ ಜೀರ್ಣೋದ್ಧಾರವೂ ಪುಣ್ಯಕಾರ್ಯವೆಂದು ಪರಂಪರೆ ಭಾವಿಸಿದೆ. ಆದರೆ ಸದ್ಭಕ್ತಿಯಿಂದ ಮಾಡಿದ ಜೀರ್ಣೋದ್ಧಾರವೇ ಹಳೆಯ ಗೋಡೆಗೆ ಹಾನಿಯಾಗುವ ಪ್ರಸಂಗಗಳುಂಟು. ಅದಕ್ಕೆ ಮುಖ್ಯ ಕಾರಣ ಗಾರೆಯ ಆಯ್ಕೆ.

ಹನ್ನೊಂದನೆಯ ಶತಮಾನದಲ್ಲಿ ಚಾಲುಕ್ಯ ಒಂದನೆಯ ಸೋಮೇಶ್ವರನು ರಾಜಧಾನಿಯನ್ನು ಮಾನ್ಯಖೇಟದಿಂದ ಕಲ್ಯಾಣಕ್ಕೆ ತಂದನು. ಹುಮನಾಬಾದ ತಾಲೂಕಿನ ಜಲಸಂಗಿ ಹಾಗೂ ಬಸವಕಲ್ಯಾಣದ ಸಮೀಪದ ನಾರಾಯಣಪುರದ ದೇಗುಲಗಳು ಚಾಲುಕ್ಯ ಶಿಲ್ಪದ ಸಾಕ್ಷಿಗಳು. ಅಂದಿನ ಶಿಲ್ಪಿಗಳು ಕಲ್ಲಿಗೆ ಕಲ್ಲನ್ನು ಹೊಂದಿಸಿ, ಭಾರದಿಂದಲೇ ನಿಲ್ಲುವಂತೆ ಕಟ್ಟುತ್ತಿದ್ದರು. ಇಂಥ ಕೆತ್ತನೆಯ ಕಲ್ಲಿಗೆ ಯಾವ ಗಾರೆಯನ್ನೂ ಮೆತ್ತಲಾಗದು, ಸುಣ್ಣವನ್ನೂ ಬಳಿಯಲಾಗದು. ಮುಂದಿನ ಶತಮಾನಗಳ ಕೋಟೆ, ವಾಡೆ, ಬಾವಿಗಳ ಇಟ್ಟಿಗೆ ಮತ್ತು ಒರಟು ಕಲ್ಲಿನ ಕಟ್ಟಡಗಳಿಗೆ ಗಚ್ಚುಗಾರೆ ಬಂದಿತು. ಬೀದರದಲ್ಲಿ 1472ರ ಮಹಮೂದ್ ಗವಾನನ ಮದರಸಾ ಇಂದಿಗೂ ನಿಂತಿದೆ. ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಇಂಗ್ಲೆಂಡಿನಲ್ಲಿ ಹಕ್ಕುಪತ್ರ ದೊರೆತದ್ದೇ 1824ರಲ್ಲಿ. 1911ರಲ್ಲಿ ಆರಂಭವಾದ ಕೃಷ್ಣರಾಜಸಾಗರ ಅಣೆಕಟ್ಟನ್ನೂ ಸುಣ್ಣ ಮತ್ತು ಇಟ್ಟಿಗೆಪುಡಿಯ ಸುರ್ಕಿ ಗಾರೆಯಿಂದಲೇ ಕಟ್ಟಿದರು.

ಸುಣ್ಣದ ಗುಣವೇನು? ಸುಣ್ಣದ ಕಲ್ಲನ್ನು ಸುಮಾರು 900 ಡಿಗ್ರಿ ಶಾಖದಲ್ಲಿ ಸುಟ್ಟಾಗ ಅದರೊಳಗಿನ ಇಂಗಾಲಾಮ್ಲವಾಯು ಹೊರಟುಹೋಗಿ, ಶುದ್ಧವಾದ 100 ಕಿಲೋ ಕಲ್ಲಿನಿಂದ 56 ಕಿಲೋ ಸುಟ್ಟ ಸುಣ್ಣ ಉಳಿಯುತ್ತದೆ. ಅದಕ್ಕೆ ನೀರೆರೆದರೆ ಕುದಿದು ಅರಳುತ್ತದೆ. ಗೋಡೆಗೆ ಹಚ್ಚಿದ ಮೇಲೆ ಅದು ಗಾಳಿಯಿಂದ ಅದೇ ವಾಯುವನ್ನು ಮೆಲ್ಲಮೆಲ್ಲನೆ ಹೀರಿ ಮತ್ತೆ ಕಲ್ಲಾಗುತ್ತದೆ. ಕಳೆದುಕೊಂಡ ಅಸಲನ್ನು ಮರಳಿ ಗಳಿಸುವ ಈ ವ್ಯವಹಾರಕ್ಕೆ ತಿಂಗಳುಗಳು, ಕೆಲವೊಮ್ಮೆ ವರ್ಷಗಳು ಬೇಕು. ಸಣ್ಣ ಬಿರುಕು ಬಿಟ್ಟಲ್ಲಿ, ಮಳೆನೀರಿನಲ್ಲಿ ಕರಗಿದ ಸುಣ್ಣವೇ ಸಾಗಿಬಂದು ಬಿರುಕನ್ನು ತುಂಬುವುದೂ ಉಂಟು.

ಎರಡನೆಯ ಗುಣ ಉಸಿರಾಟ. ಹಳೆಯ ದಪ್ಪ ಗೋಡೆಗಳು ನೆಲದಿಂದ ತೇವವನ್ನು ಹೀರುತ್ತವೆ. ಸುಣ್ಣದ ಗಾರೆಯಲ್ಲಿ ಸೂಕ್ಷ್ಮ ರಂಧ್ರಗಳಿರುವುದರಿಂದ ಆ ತೇವ ಆವಿಯಾಗಿ ಹೊರಹೋಗುತ್ತದೆ. ಗಟ್ಟಿ ಸಿಮೆಂಟಿನ ಲೇಪ ಅದನ್ನು ತಡೆಯುತ್ತದೆ. ಆಗ ತೇವ ಒಳಗೇ ನಿಂತು ಮೇಲಕ್ಕೇರುತ್ತದೆ. ಅದರೊಡನೆ ಬಂದ ಉಪ್ಪು ಹರಳುಗಟ್ಟಿ ಕಲ್ಲು ಇಟ್ಟಿಗೆಗಳನ್ನು ಪುಡಿಗೈಯುತ್ತದೆ. ಹೊರಗೆ ಗೋಡೆ ಹೊಸದರಂತೆ ಹೊಳೆಯುತ್ತಿದ್ದರೂ ಒಳಗೆ ಕ್ಷಯ ನಡೆದಿರುತ್ತದೆ. ಸಿಮೆಂಟು ಕೆಟ್ಟ ವಸ್ತುವೆಂದು ಇದರ ಅರ್ಥವಲ್ಲ. ಅದರ ಮೂಲವೂ ಸುಣ್ಣದ ಕಲ್ಲೇ. ಹೊಸ ಕಾಂಕ್ರೀಟಿಗೆ ಅದು ಯೋಗ್ಯ, ಹಳೆಯ ಮೃದುವಾದ ಗೋಡೆಗೆ ಅಯೋಗ್ಯ.

ಗಾರೆಗೆ ಬೆಲ್ಲದ ನೀರು, ಅಳಲೆಕಾಯಿಯ ಕಷಾಯ, ಬಿಲ್ವದ ತಿರುಳು ಸೇರಿಸುವ ಪದ್ಧತಿ ದೇಶದಲ್ಲೆಲ್ಲ ಇತ್ತು. ಕೆಲವೆಡೆ ಮೊಟ್ಟೆಯ ಬಿಳಿಯನ್ನೂ ಬಳಸುತ್ತಿದ್ದರು. ಅಹಿಂಸೆಯನ್ನು ಪರಮಧರ್ಮವೆಂದು ನಂಬಿದವರ ಬಸದಿಗೆ ಅದು ಸಲ್ಲದು. ಸಸ್ಯಜನ್ಯ ವಸ್ತುಗಳಿಂದಲೇ ಕಾರ್ಯ ನೆರವೇರುತ್ತದೆ. ಕೆಲಸ ಒಪ್ಪಿಸುವ ಮೊದಲೇ ಸಮಿತಿಯವರು ಇದನ್ನು ಗಾರೆಯವನೊಡನೆ ಸ್ಪಷ್ಟವಾಗಿ ಮಾತಾಡಿಕೊಳ್ಳಬೇಕು. ಸುಣ್ಣ ಅರಳಿಸಲು ನೀರನ್ನು ಸೋಸಿ ಬಳಸಬೇಕು; ಜೀವಗಳು ಬೀಳದಂತೆ ಗುಂಡಿಯನ್ನು ಮುಚ್ಚಿಡಬೇಕು.

ದೋಷಗಳನ್ನೂ ಮುಚ್ಚಿಡಬಾರದು. ಸುಣ್ಣದ ಕೆಲಸ ನಿಧಾನ. ಚೆನ್ನಾಗಿ ಅರಳದ ಹರಳು ಉಳಿದರೆ ಗೋಡೆಯ ಮೇಲೆ ಸಿಡಿದು ಗುಳಿ ಬೀಳುತ್ತದೆ; ಆದ್ದರಿಂದ ವಾರಗಟ್ಟಲೆ ನೆನೆಸಿ, ಸೋಸಿ, ಮರಳಿನೊಡನೆ ಚೆನ್ನಾಗಿ ಅರೆಯಬೇಕು. ಬೀದರ ಜಿಲ್ಲೆಯ ಕಡುಬಿಸಿಲಿನಲ್ಲಿ ಬೇಗ ಒಣಗಿ ಬಿರಿಯದಂತೆ ಒದ್ದೆ ಗೋಣಿತಟ್ಟು ಹೊದಿಸಬೇಕು. ಜೋರು ಮಳೆಯಲ್ಲಿ ಕೆಲಸ ನಿಲ್ಲಿಸಬೇಕು. ಕಣ್ಣಿಗೆ ಸುಣ್ಣ ಸಿಡಿಯದಂತೆ ಕೂಲಿಕಾರರನ್ನು ಕಾಯಬೇಕು.

ಇನ್ನೊಂದು ಎಚ್ಚರಿಕೆ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ನೆರೆಯ ಲಾತೂರು ಜಿಲ್ಲೆಯ ಕಿಲ್ಲಾರಿಯಲ್ಲಿ ಸಂಭವಿಸಿದ ಭೂಕಂಪದಲ್ಲಿ ಮಣ್ಣಿನ ಗಾರೆಯ ಕಲ್ಲುಮನೆಗಳು ಕುಸಿದು ಸಾವಿರಾರು ಜನ ಮಡಿದರು. ಒಳಗೋಡೆ ಸಡಿಲವಾಗಿದ್ದರೆ ಮೇಲಿನ ಲೇಪ, ಸುಣ್ಣದ್ದಾಗಲಿ ಸಿಮೆಂಟಿನದ್ದಾಗಲಿ, ಯಾರನ್ನೂ ಕಾಯದು. ಮೊದಲು ಗೋಡೆಯ ಬಲ ಪರೀಕ್ಷಿಸಿ, ಸಂದುಗಳನ್ನು ತುಂಬಿ, ಅನಂತರವೇ ಗಾರೆ ಹಚ್ಚಬೇಕು.

ವ್ಯಾಪಾರದಲ್ಲಿ ಇಂದಿನ ಖರೀದಿಯನ್ನು ಮಾತ್ರ ನೋಡುವವನು ನಷ್ಟಕ್ಕೊಳಗಾಗುತ್ತಾನೆ. ಸರಕು ಎಷ್ಟು ಕಾಲ ಬಾಳುವುದೆಂದು ನೋಡುವವನೇ ಜಾಣ. ಧರ್ಮಕ್ಕೆಂದು ಬಂದ ದಾನದ್ರವ್ಯದ ಲೆಕ್ಕದಲ್ಲಂತೂ ಈ ವಿವೇಕ ಇಮ್ಮಡಿಯಾಗಿರಬೇಕು. ಹಳೆಯ ಬಸದಿಯ ಗೋಡೆಯನ್ನು ಕೆರೆಯುವ ಮೊದಲು ಅದು ಯಾವ ಗಾರೆಯಿಂದ ನಿಂತಿದೆಯೆಂದು ಅರಿತವರನ್ನು ಕೇಳಿರಿ. ಹಿರಿಯರು ತಾಳ್ಮೆಯಿಂದ ಕಟ್ಟಿದ್ದನ್ನು ಅವಸರದಿಂದ ಕೆಡಿಸದಿರುವುದೇ ಅವರಿಗೆ ಸಲ್ಲಿಸುವ ಗೌರವ.

ಜೈ ಜಿನೇಂದ್ರ.